ಗೋಡೆಯಾಚೆಗಿನ ಚುಕ್ಕೆ

ನಕ್ಷೆ ಕಚೇರಿಯ ವ್ಯಾನು ಓಡಿಸುತ್ತಿದ್ದವನಿಗೆ ಅಲ್ಲಿಯವರು ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಅವಸರವಿದ್ದವರು ಅವನ ಗಾಡಿಯಿಂದ ಇಳಿದು, ನಡೆದುಹೋಗಿ, ಕೆಲಸ ಮುಗಿಸಿಕೊಂಡು ಬಂದು ಮತ್ತೆ ಅದೇ ಗಾಡಿ ಹತ್ತಬಹುದು ಎಂದು ಗುಮಾಸ್ತರು ತಮಾಷೆ ಮಾಡುತ್ತಿದ್ದರು. ಅವನಿಗೇನೂ ಬೇಸರವಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂರುವುದು ಅಳತೆಯ ಉಪಕರಣಗಳು, ಒಂದೊಂದೂ ಹಸುಗೂಸಿನಷ್ಟು ನಾಜೂಕು. ರಸ್ತೆಯಲ್ಲಿ ಗುಂಡಿ ಕಂಡರೆ ಅವನು ಮುಂದಿನ ಚಕ್ರವನ್ನು ಇಳಿಸಿ, ಹತ್ತಿಸಿ, ಆಮೇಲೆ ಹಿಂದಿನದನ್ನು ಇಳಿಸಿ, ಹತ್ತಿಸಿ ದಾಟುತ್ತಿದ್ದ. “ನಿಧಾನವೇ ಪ್ರಧಾನ ಅಂತ ಹಿರಿಯರು ಸುಮ್ನೆ ಹೇಳಿದ್ರಾ?” ಎನ್ನುತ್ತಿದ್ದ.

ವಯಸ್ಸು ಐವತ್ತು ದಾಟಿತ್ತು. ಮನೆಯಲ್ಲಿ ಹೆಂಡತಿ ಮತ್ತು ಹೆಂಡತಿಯ ತಾಯಿ. ಮಕ್ಕಳಿರಲಿಲ್ಲ. ಹೆಂಡತಿ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕುವ ಕೆಲಸ ಮಾಡುತ್ತಿದ್ದಳು. ಬಾಯಲ್ಲಿ ಎಡಕ್ಕೆ ಎನ್ನುತ್ತ ಕೈಯನ್ನು ಬಲಕ್ಕೆ ತೋರಿಸುವ ಹೆಂಗಸು. ರಜೆಯ ದಿನ ಇಬ್ಬರೂ ಎಲ್ಲಿಗಾದರೂ ಹೊರಟರೆ ಅವನು ಅವಳ ಮಾತು ಕೇಳುತ್ತಿರಲಿಲ್ಲ, ಕೈ ನೋಡುತ್ತಿದ್ದ. ಕೈ ಯಾವತ್ತೂ ತಪ್ಪುತ್ತಿರಲಿಲ್ಲ. “ಬಾಯಿಗೂ ಕೈಗೂ ಸಂಬಂಧವೇ ಇಲ್ಲದ ವಂಶ ನಿಮ್ದು” ಎಂದು ಅವನು ರೇಗಿಸಿದರೆ ಒಳಗಿನಿಂದ ಅತ್ತೆ ಉತ್ತರ ಕೊಡುತ್ತಿದ್ದರು: “ಕೈ ಸರಿ ಇದ್ರೆ ಸಾಕು ಅಳಿಯಂದ್ರೆ. ಬಾಯಿ ಯಾರದ್ದು ಸರಿ ಇದೆ ಹೇಳಿ.”

ಹೆಂಡತಿಗೆ ಉಬ್ಬಸವಿತ್ತು. ಚಿಕ್ಕಂದಿನಿಂದ ಇದ್ದದ್ದು, ಹಾಗಾಗಿ ಅದಕ್ಕೆ ಯಾರೂ ಹೆದರುತ್ತಿರಲಿಲ್ಲ. ಬರುತ್ತಿತ್ತು, ಒಂದಷ್ಟು ಹೊತ್ತು ಸತಾಯಿಸಿ ಹೋಗುತ್ತಿತ್ತು. ಒಂದು ಮಧ್ಯಾಹ್ನ ಬಂದದ್ದು ಹೋಗಲಿಲ್ಲ. ಬಾಯಿಗೆ ಒತ್ತಿಕೊಳ್ಳುವ ಔಷಧ ಕೆಲಸ ಮಾಡಲಿಲ್ಲ. ನಿಧಾನಪ್ಪ ಆಗ ಅಧಿಕಾರಿಯೊಬ್ಬರನ್ನು ಕೂರಿಸಿಕೊಂಡು ಊರಾಚೆ ಹೋಗಿದ್ದ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ಮಗಳ ಫೋನಿನಿಂದಲೇ ಆಂಬುಲೆನ್ಸಿಗೆ ಕರೆ ಮಾಡಿದರು. ಆಂಬುಲೆನ್ಸು ಬಂತು, ಆದರೆ ಬಹಳ ತಡವಾಗಿ ಬಂತು. ಆಸ್ಪತ್ರೆಯ ವೈದ್ಯರು “ಇನ್ನೊಂಚೂರು ಮುಂಚೆ ಕರ್ಕೊಂಡು ಬಂದಿದ್ರೆ” ಎಂದು ಶುರುಮಾಡಿ, ಅವನ ಮುಖ ನೋಡಿ, ವಾಕ್ಯವನ್ನು ಅಷ್ಟಕ್ಕೇ ನಿಲ್ಲಿಸಿದರು. ಯಾಕೆ ತಡವಾಯಿತು ಎಂದು ವಿಚಾರಿಸಿದರೆ ಆಂಬುಲೆನ್ಸಿನ ಕಚೇರಿಯಿಂದ ಸಿಕ್ಕಿದ್ದು ಒಂದೇ ಮಾತು. ಮನೆ ಸಿಗಲಿಲ್ಲ.

ಎಲ್ಲ ಮುಗಿದು ನೆಂಟರೂ ಹೊರಟುಹೋದ ಮೇಲೆ ಅವನು ಒಮ್ಮೆ ಕೇಳಿದ್ದ. “ಅತ್ತೆ, ಫೋನಲ್ಲಿ ಅಡ್ರೆಸ್ ಸರಿಯಾಗಿ ಹೇಳಿದ್ರಾ?” ಜಗಳ ತೆಗೆಯುವ ದನಿಯಲ್ಲ. ಒಣಹಾಕಿದ ಬಟ್ಟೆ ಒಣಗಿದೆಯಾ ಎಂದು ಕೇಳುವಂಥ ದನಿ. ಅತ್ತೆ ಅವನನ್ನೇ ನೋಡಿ, “ಸರಿಯಾಗೇ ಹೇಳ್ದೆ ಅನ್ಸುತ್ತೆ” ಎಂದರು. ಆ ‘ಅನ್ಸುತ್ತೆ’ ಎಂಬ ಮಾತು ಮನೆಯಲ್ಲಿ ಉಳಿದುಕೊಂಡಿತು. ಅವನು ಮತ್ತೆ ಕೇಳಲಿಲ್ಲ, ಅವರು ಮತ್ತೆ ಹೇಳಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎರಡು ಜೀವಗಳು ಹೇಗಿದ್ದವು ಎಂದರೆ, ಇದ್ದವು. ನಡುವೆ ಇದ್ದವಳು ಹೋದ ಮೇಲೆ ಅವರಿಬ್ಬರೂ ಪರಸ್ಪರ ಏನಾಗಬೇಕು ಎಂಬುದೇ ಸ್ಪಷ್ಟವಿರಲಿಲ್ಲ. ಅತ್ತೆ ಅಡುಗೆ ಮಾಡುತ್ತಿದ್ದರು, ಅವನು ಉಣ್ಣುತ್ತಿದ್ದ. ಒಂದು ದಿನ ಉಪ್ಪು ಹಾಕುವುದನ್ನೇ ಅವರು ಮರೆತಿದ್ದರು. ಅವನು ಪೂರ್ತಿ ಊಟ ಮುಗಿಸಿ ಎದ್ದ. ಆಮೇಲೆ ತಾವು ಕೂತು ಬಾಯಿಗಿಟ್ಟುಕೊಂಡ ಅತ್ತೆ, “ಉಪ್ಪಿಲ್ಲ ಅಂತ ಹೇಳ್ಬಾರ್ದಾ?” ಎಂದರು. “ಗೊತ್ತಾಗ್ಲಿಲ್ಲ ಅತ್ತೆ” ಎಂದ. ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಕಚೇರಿಯಲ್ಲಿ ಅವನ ಸ್ಥಿತಿ ಯಾರ ಕಣ್ಣಿಗೂ ಬೀಳಲಿಲ್ಲ. ಯಾರಾದರೂ ನಗೆಮಾತು ಹೇಳಿದರೆ ತುಟಿ ತಾನಾಗಿ ಅಗಲವಾಗುತ್ತಿತ್ತು. ಕಾಲಿಗೆ ಜೋಮು ಹಿಡಿದಾಗ ಯಾರೋ ಬೆರಳಿಟ್ಟರೆ, ಇಟ್ಟದ್ದು ಕಣ್ಣಿಗೆ ಕಾಣುತ್ತದೆ, ಚರ್ಮಕ್ಕೆ ತಿಳಿಯುವುದಿಲ್ಲ. ಅವನಿಗೆ ಇಡೀ ದಿನ ಹಾಗಿತ್ತು. ಒಂದೇ ಒಂದು ವ್ಯತ್ಯಾಸವೆಂದರೆ ಮೊದಲು ಗುಂಡಿಯನ್ನು ನೋಡಿ ನಿಧಾನ ಮಾಡುತ್ತಿದ್ದವನು ಈಗ ಗುಂಡಿಯಿಲ್ಲದ ಕಡೆಯೂ ಹಾಗೇ ಹೋಗುತ್ತಿದ್ದ.

ಹೀಗಿರುವಾಗ ಕಚೇರಿಗೆ ಹೊಸ ಕೆಲಸ ಬಂತು. ಆ ಭಾಗದ ಕೆಲವು ದೇಶಗಳು ಸೇರಿ ಒಂದು ಪ್ರಯೋಗಕ್ಕೆ ಒಪ್ಪಿಕೊಂಡಿದ್ದವು. ಒಬ್ಬೊಬ್ಬರದು ಒಂದೊಂದು ಉಪಗ್ರಹ ವ್ಯವಸ್ಥೆ. ಕೆಲವರ ಬಳಿ ಸ್ವಂತದ್ದಿತ್ತು, ಕೆಲವರದು ಎರವಲು. ಎಲ್ಲವನ್ನೂ ಒಟ್ಟಿಗೆ ಬಳಸಿದರೆ ದಾರಿ ತೋರಿಸುವ ಯಂತ್ರ ಎಷ್ಟು ಸುಧಾರಿಸುತ್ತದೆ ಎಂದು ಪ್ರತಿ ದೇಶದ ಒಂದೊಂದು ನಗರದಲ್ಲಿ ಗಾಡಿ ಓಡಿಸಿ ನೋಡುವುದು. ಈ ನಗರದ ಸರದಿ ಬಂದಾಗ ಗಾಡಿ ಯಾವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಕುಲುಕದೆ ಓಡಿಸುವವನು ಒಬ್ಬನೇ ಇದ್ದ.

ವ್ಯಾನಿನ ನೆತ್ತಿಯ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಆಂಟೆನಾಗಳನ್ನು ಕೂರಿಸಿದರು. ಒಳಗೆ ಪೆಟ್ಟಿಗೆಗಳು, ವೈರುಗಳು, ಒಂದು ಪರದೆ. ಕೆಲಸದ ಉಸ್ತುವಾರಿ ಕಚೇರಿಯ ಮೇಡಂ ಅವರದು. ನೆರೆದೇಶದಿಂದ ಒಬ್ಬ ಹಿರಿಯ ಎಂಜಿನಿಯರು ಬಂದಿದ್ದರು. ಬಟ್ಟೆಯ ಟೋಪಿಯನ್ನು ಊಟದಲ್ಲೂ ತೆಗೆಯದ ಮನುಷ್ಯ. ಗುಮಾಸ್ತರು ಮೊದಲ ದಿನವೇ ಅವರಿಗೆ ಟೋಪಿ ಸಾಹೇಬರು ಎಂದು ಹೆಸರಿಟ್ಟು, “ಟೋಪಿ ಹಾಕಿದ್ದಾರೆ, ಆದ್ರೆ ಯಾರಿಗೂ ಟೋಪಿ ಹಾಕೋರಲ್ಲ” ಎಂದು ಸರ್ಟಿಫಿಕೇಟು ಕೊಟ್ಟರು. ಅವರ ಭಾಷೆ ನಿಧಾನಪ್ಪನಿಗೆ ಬರುತ್ತಿರಲಿಲ್ಲ. ಮೇಡಂ ನಡುವೆ ಕೂತು ಅತ್ತಲಿಂದಿತ್ತ ದಾಟಿಸುತ್ತಿದ್ದರು.

ಕೆಲಸವೆಂದರೆ ಗಾಣದೆತ್ತಿನ ಕೆಲಸ. ರಸ್ತೆಯಲ್ಲಿ ಅಲ್ಲಲ್ಲಿ ಮೊಳೆ ಹೊಡೆದು ಬಿಳಿ ಬಣ್ಣ ಹಚ್ಚಿದ್ದರು. ಆ ಗುರುತುಗಳ ಜಾಗವನ್ನು ಮೊದಲೇ ಕರಾರುವಾಕ್ಕಾಗಿ ಅಳೆದಿಟ್ಟುಕೊಂಡಿದ್ದರು. ವ್ಯಾನು ಅವುಗಳ ಮೇಲೆ ಹಾದುಹೋಗುವಾಗ ಯಂತ್ರ ಏನು ಹೇಳುತ್ತದೆ, ನಿಜ ಏನು ಎಂದು ತಾಳೆ ನೋಡುವುದು. ಪರದೆಯ ಮೇಲೆ ಎರಡು ಚುಕ್ಕೆಗಳಿರುತ್ತಿದ್ದವು. ಕೆಂಪು ಚುಕ್ಕೆ ಹಳೆಯ ಪದ್ಧತಿಯದು, ಒಂದೇ ವ್ಯವಸ್ಥೆಯನ್ನು ನಂಬಿಕೊಂಡದ್ದು. ಹಸಿರು ಚುಕ್ಕೆ ಎಲ್ಲರದ್ದೂ ಸೇರಿ ಆದದ್ದು.

ಚಹಾಕ್ಕೆ ನಿಲ್ಲಿಸಿದಾಗ ಮೇಡಂ ಅವನಿಗೆ ವಿವರಿಸಿದರು. ಅವನು ಕೇಳಿರಲಿಲ್ಲ. ಸುಮ್ಮನೆ ಕೂತವನ ಎದುರು ಸುಮ್ಮನೆ ಕೂರುವುದು ಅವರಿಗೆ ಆಗುತ್ತಿರಲಿಲ್ಲ.

“ಬಯಲಲ್ಲಿ ನಿಂತ್ರೆ ಆಕಾಶ ಪೂರ್ತಿ ಕಾಣುತ್ತೆ, ಉಪಗ್ರಹಗಳು ಬೇಕಾದಷ್ಟು ಸಿಗ್ತವೆ. ಎರಡೂ ಕಡೆ ದೊಡ್ಡ ಕಟ್ಟಡ ಇರೋ ಬೀದೀಲಿ ಆಕಾಶ ಅಂದ್ರೆ ಒಂದು ಲಂಗದ ಅಂಚಿನಷ್ಟು ಪಟ್ಟಿ. ಅಲ್ಲಿ ಒಂದೋ ಎರಡೋ ಕಾಣಬಹುದು ಅಷ್ಟೆ. ಮಿಕ್ಕಿದ್ದರ ಸಂಕೇತ ಗೋಡೆಗೆ, ಗಾಜಿಗೆ ಬಡಿದು ಸುತ್ತಿಕೊಂಡು ಬರುತ್ತೆ. ಸುತ್ತಿ ಬಂದಿದ್ದನ್ನ ನೇರ ಬಂತು ಅಂತ ಯಂತ್ರ ನಂಬಿಬಿಡುತ್ತೆ.”

“ಅಂದ್ರೆ ಕೇಳಿದ ಮಾತನ್ನ ಕಂಡ ಹಾಗೆ ಹೇಳುತ್ತೆ.”

“ಹಾಂ, ಅದೇ. ಈಗ ಪಕ್ಕದ ದೇಶದವರದ್ದೂ ಸೇರಿಸಿಕೊಂಡ್ರೆ ಆ ಪಟ್ಟೀಲೇ ಇನ್ನಷ್ಟು ಸಿಗ್ತವೆ. ಸಾಕ್ಷಿ ಜಾಸ್ತಿ ಆದ್ರೆ ಸುಳ್ಳು ಯಾವ್ದು ಅಂತ ಗೊತ್ತಾಗುತ್ತೆ. ಕಷ್ಟ ಏನಂದ್ರೆ, ಒಬ್ಬೊಬ್ಬರ ಗಡಿಯಾರ ಒಂದೊಂದು ಚೂರು ಹಿಂದೆ ಮುಂದೆ. ಅದನ್ನ ಹೊಂದಿಸಬೇಕು. ಅದಕ್ಕೇ ಇಷ್ಟು ಜನ ಕೂತು ಮಾತಾಡ್ತಿರೋದು.”

“ಇಲ್ದಿದ್ರೆ ಎತ್ತು ಏರಿಗೆ, ಕೋಣ ನೀರಿಗೆ” ಎಂದ ನಿಧಾನಪ್ಪ. ಮೇಡಂ ನಕ್ಕು ಅದನ್ನು ಟೋಪಿ ಸಾಹೇಬರಿಗೆ ದಾಟಿಸಿದರು. ಅವರು ತಲೆದೂಗಿ ಏನೋ ಹೇಳಿದರು. “ಅವರ ಕಡೆಯೂ ಇಂಥದ್ದೇ ಒಂದು ಗಾದೆ ಇದ್ಯಂತೆ. ಅಲ್ಲಿ ಎರಡು ಕತ್ತೆ” ಎಂದರು ಮೇಡಂ. ನಿಧಾನಪ್ಪನ ತುಟಿ ಅಗಲವಾಯಿತು. ಲೋಟ ತೊಳೆದಿಟ್ಟು ಗಾಡಿ ಹತ್ತಿದ.

ಮೊದಲ ವಾರ ಎಲ್ಲ ಸಲೀಸಾಗಿ ನಡೆಯಿತು, ಅದೇ ತೊಂದರೆಯಾಯಿತು. ಅಗಲ ರಸ್ತೆಗಳಲ್ಲಿ ಕೆಂಪು ಚುಕ್ಕೆಯೂ ಹಸಿರು ಚುಕ್ಕೆಯೂ ಜೋಡಿ ಎತ್ತಿನ ಹಾಗೆ ಒಟ್ಟಿಗೇ ಓಡುತ್ತಿದ್ದವು. ಹೀಗಾದರೆ ಹೊಸದರಿಂದ ಲಾಭವೇನು ಎಂದು ಸಭೆಯಲ್ಲಿ ಕೇಳುವವರಿಗೆ ಏನು ಉತ್ತರ ಕೊಡುವುದು? ಹಳೆಯದು ಸೋಲುವಂಥ ಜಾಗ ಬೇಕು ಎಂದರು ಟೋಪಿ ಸಾಹೇಬರು. ಮೇಡಂ ಡ್ರೈವರ್ ಸೀಟಿನ ಕಡೆ ತಿರುಗಿದರು.

“ಈ ಊರಲ್ಲಿ ಫೋನು ಎಲ್ಲಿ ದಾರಿ ತಪ್ಪಿಸುತ್ತೆ? ನಿಮಗೆ ಗೊತ್ತಿರುತ್ತಲ್ಲ.”

“ನಮ್ಮ ಬೀದೀಲಿ ತಪ್ಪಿಸುತ್ತೆ” ಎಂದ ಅವನು. “ಪಾರ್ಸೆಲ್ ತರೋರು ಯಾವಾಗ್ಲೂ ಎಲ್ಲಿದ್ದೀರಾ, ಎಲ್ಲಿದ್ದೀರಾ ಅಂತ ಫೋನ್ ಮಾಡ್ತಾರೆ.”

ಹೀಗೆ ಹೇಳುವಾಗ ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ, ಅಷ್ಟೆ. ಅವನ ಹೆಂಡತಿ ತೀರಿಕೊಂಡದ್ದು ಮೇಡಂಗೆ ಗೊತ್ತಿತ್ತು. ಆಂಬುಲೆನ್ಸಿನ ವಿಷಯ ಗೊತ್ತಿರಲಿಲ್ಲ.

ಅವನ ಬೀದಿ ಇಕ್ಕಟ್ಟಾದದ್ದು. ಒಂದು ಬದಿಗೆ ಅವನಿದ್ದಂಥ ನಾಲ್ಕೈದು ಮಹಡಿಯ ಹಳೆಯ ಕಟ್ಟಡಗಳು, ಬಾಲ್ಕನಿಗಳಲ್ಲಿ ಬಟ್ಟೆ, ಗ್ಯಾಸ್ ಸಿಲಿಂಡರು, ಒಣಗಿದ ಕುಂಡಗಳು. ಎದುರು ಬದಿಗೆ ಗಾಜು ಹೊದಿಸಿದ ಎತ್ತರದ ಆಫೀಸು ಕಟ್ಟಡ. ಹಳೆಯ ಕಟ್ಟಡಗಳ ಹಿತ್ತಿಲಿಗೆ ಒಂದು ಉದ್ದನೆಯ ಗೋಡೆ. ಗೋಡೆಯ ಆಚೆ ಇನ್ನೊಂದು ಗಲ್ಲಿ ಇದೆ ಎಂದು ಅವನಿಗೆ ಗೊತ್ತಿತ್ತು. ಅಲ್ಲಿಗೆ ಈ ಬೀದಿಯಿಂದ ದಾರಿಯಿಲ್ಲ, ಮುಖ್ಯರಸ್ತೆಗೆ ಹೋಗಿ ಬಳಸಿಕೊಂಡು ಬರಬೇಕು. ಇಷ್ಟು ವರ್ಷಗಳಲ್ಲಿ ಅತ್ತ ಹೋಗುವ ಕೆಲಸ ಅವನಿಗೆ ಬಿದ್ದಿರಲಿಲ್ಲ.

ಬಿಳಿ ಬಣ್ಣದ ಗುರುತು ಹಾಕಿದವರನ್ನು ನೋಡಿ ಬೀದಿಯವರು ರಸ್ತೆ ಅಗಲ ಮಾಡುತ್ತಾರೆಂದು ಗಾಬರಿಯಾದರು. ಅವರಿಗೆ ಸಮಾಧಾನ ಹೇಳಿ ವ್ಯಾನು ಹೊರಟಿತು. ಬೀದಿಯೊಳಗೆ ತಿರುಗಿದ್ದೇ ತಡ, ಹಿಂದಿನಿಂದ ಟೋಪಿ ಸಾಹೇಬರ ಗುನುಗು ಕೇಳಿತು. ಕೆಂಪು ಚುಕ್ಕೆ ಸ್ವಲ್ಪ ತಡವರಿಸಿ, ಪಕ್ಕಕ್ಕೆ ಸರಿದು, ಸಾಲು ಕಟ್ಟಡಗಳನ್ನು ಹಾದು ಹೋಗಿ ದೂರದಲ್ಲಿ ಕೂತಿತು. ಹಸಿರು ಚುಕ್ಕೆ ಬಿಳಿ ಗುರುತಿನ ಮೇಲೇ ಇತ್ತು. ಇನ್ನೊಂದು ಸುತ್ತು ಹಾಕಿಸಿದರು. ಮತ್ತೆ ಹಾಗೇ ಆಯಿತು. ಟೋಪಿ ಸಾಹೇಬರು ಮುಂದಕ್ಕೆ ಬಾಗಿ ನಿಧಾನಪ್ಪನ ಭುಜ ತಟ್ಟಿದರು.

“ಹುಡುಕಿದರೂ ಇಂಥ ಬೀದಿ ಸಿಗಲ್ಲ ಅಂತಿದ್ದಾರೆ” ಎಂದರು ಮೇಡಂ.

ಅವನು ಕನ್ನಡಿಯಲ್ಲಿ ಪರದೆ ನೋಡಿದ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಅತ್ತೆ ನಿಂತು ಕೆಳಗೆ ನೋಡುತ್ತಿದ್ದರು.

“ಮೇಡಂ, ಆ ಕೆಂಪು ಚುಕ್ಕೆ ಈಗ ಎಲ್ಲಿದೆ?”

“ಈ ಕಟ್ಟಡದ ಹಿಂದೆ. ಗೋಡೆ ಇದೆಯಲ್ಲ, ಅದರ ಆಚೆ ಗಲ್ಲೀಲಿ.”

“ಹಳೇ ಯಂತ್ರ ಇರೋ ಗಾಡಿಯವರು ನಮ್ಮನೆಗೆ ಬರಬೇಕು ಅಂದ್ರೆ?”

“ಕರೆ ಮಾಡಿದ ಫೋನೇ ತನ್ನ ಜಾಗ ಅಲ್ಲಿ ಅಂತ ಕಳಿಸುತ್ತೆ, ಅಲ್ಲಿಗೆ ಹೋಗಿ ನಿಲ್ತಾರೆ” ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ.

ಮಧ್ಯಾಹ್ನದ ಬಿಡುವಿನಲ್ಲಿ ಅವನು ಮನೆಗೆ ಊಟಕ್ಕೆ ಹೋಗಲಿಲ್ಲ. ಮುಖ್ಯರಸ್ತೆಗೆ ನಡೆದು, ಔಷಧದಂಗಡಿಯ ಬಳಿ ತಿರುಗಿ, ಬಳಸಿಕೊಂಡು ಆ ಗಲ್ಲಿಗೆ ಹೋದ. ಯಾಕೆ ಹೊರಟೆ ಎಂದು ಅವನಿಗೇ ಗೊತ್ತಿರಲಿಲ್ಲ. ಕಾಲು ಹೋದವು, ಅವನು ಜೊತೆಗೆ ಹೋದ.

ಗಲ್ಲಿ ಮುಂದೆ ಹೋಗಿ ಗೋಡೆಗೆ ಮುಗಿಯುತ್ತಿತ್ತು. ಗೋದಾಮುಗಳ ಷಟರುಗಳು, ಹಳೆಯ ರಟ್ಟಿನ ರಾಶಿ. ಗೋಡೆಯ ಮೇಲ್ಗಡೆ ಅವನ ಕಟ್ಟಡದ ಹಿಂಭಾಗದ ಕೊಳವೆಗಳು ಕಾಣುತ್ತಿದ್ದವು, ಅದರ ಪಕ್ಕಕ್ಕೆ ಗಾಜಿನ ಕಟ್ಟಡದ ನೆತ್ತಿ. ಗೋಡೆಯ ಬುಡದಲ್ಲಿ ತಗಡಿನ ಮಾಡು ಇಳಿಬಿಟ್ಟುಕೊಂಡು ಒಬ್ಬ ಹೆಂಗಸು ಕೊಡೆ, ಚೀಲಗಳ ರಿಪೇರಿ ಮಾಡುತ್ತ ಕೂತಿದ್ದಳು. ಅವನು ನಿಂತು ಸುತ್ತಲೂ ನೋಡುವುದನ್ನು ಕಂಡು ಅವಳೇ ಮಾತಾಡಿಸಿದಳು.

“ಪಾರ್ಸೆಲ್ಲಾ? ಗಾಜಿನ ಕಟ್ಟಡದ ಎದುರು ಅಂತ ಹೇಳಿದ್ರೆ ಇಲ್ಲಲ್ಲ ಅಣ್ಣಾ, ಅದು ಆಚೆ ಬೀದಿ. ವಾಪಸ್ ಹೋಗಿ ಬಳಸ್ಕೊಂಡು ಬರ್ಬೇಕು.”

“ಪಾರ್ಸೆಲ್ ಅಲ್ಲ” ಎಂದ. “ಇಲ್ಲಿಗೆ ಹಾಗೆ ತುಂಬಾ ಜನ ಬರ್ತಾರಾ?”

“ಬರ್ತಾರೆ. ನಾನೊಂದು ಬೋರ್ಡ್ ಬರೆದು ಹಾಕ್ಬೇಕು ಅಂತಿದ್ದೀನಿ, ಇದು ಅದಲ್ಲ ಅಂತ.” ಅವಳು ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತ ಹೇಳಿದಳು. “ಪಾರ್ಸೆಲ್‌ನೋರು ಬಂದ್ರೆ ಹೋಗ್ಲಿ ಬಿಡಿ. ಒಂದ್ಸಲ ಆಂಬುಲೆನ್ಸೇ ಬಂದುಬಿಟ್ಟಿತ್ತು.”

ಅವಳಿಗೆ ಕೇಳುವವರು ಸಿಕ್ಕಿದ್ದರು.

“ಇಬ್ರಿದ್ರು. ಒಬ್ಬ ಇಳಿದು ಷಟರ್ ಎಲ್ಲ ಬಡಿದ. ಇನ್ನೊಬ್ಬ ನನ್ನ ಹತ್ರ ಬಂದು ಅಡ್ರೆಸ್ ಓದಿದ. ಮೂರನೇ ಮಹಡಿ, ಗಾಜಿನ ಕಟ್ಟಡದ ಎದುರು, ಬಾಗ್ಲಿಗೆ ನೀಲಿ ಬಣ್ಣ. ಅಡ್ರೆಸ್ಸೆಲ್ಲ ಸರಿಯಾಗೇ ಇತ್ತು. ಆದ್ರೆ ಯಂತ್ರ ಇಲ್ಲೇ ಅಂತ ತೋರಿಸ್ತಿದೆ ಅಂತ ಅವರು. ಮೇಲೆ ಗಾಜಿನ ಕಟ್ಟಡ ಬೇರೆ ಕಾಣುತ್ತಲ್ಲ, ಅದಕ್ಕೆ ಇಲ್ಲೇ ಇರ್ಬೇಕು ಅಂತ ಅಂದ್ಕೊಂಡ್ರು. ಆಚೆ ಬೀದಿ ಅಂತ ನಾನು ಹೇಳೋ ಹೊತ್ತಿಗೆ ಹಿಂದೆ ಗೋದಾಮಿನ ಲಾರಿ ಬಂದು ನಿಂತುಬಿಟ್ಟಿತ್ತು. ರಿವರ್ಸ್ ತೆಗೆಯೋಕೆ ಆಗ್ಲಿಲ್ಲ. ಆ ಚಿಕ್ಕವನು ಇದ್ನಲ್ಲ, ಆಮ್ಲಜನಕದ ಸಿಲಿಂಡರ್ ಬೆನ್ನಿಗೆ ಹಾಕ್ಕೊಂಡು ಗೋಡೆ ಹತ್ತೋಕೆ ಹೋದ. ನನ್ನ ಸ್ಟೂಲೇ ಕೊಟ್ಟೆ. ಮೇಲೆ ಗಾಜಿನ ಚೂರು ಕೂರಿಸಿದ್ದಾರೆ ನೋಡಿ, ಆಗ್ಲಿಲ್ಲ.” ಅವಳು ತಂತಿಯ ತುದಿಯನ್ನು ಹಲ್ಲಿನಿಂದ ಕಡಿದಳು. “ಬದುಕಿಕೊಂಡ್ರೋ ಏನೋ ಆಮೇಲೆ. ಗೊತ್ತಾಗ್ಲೇ ಇಲ್ಲ.”

“ಇಲ್ಲ” ಎಂದ ಅವನು.

“ಗೊತ್ತಾ ನಿಮಗೆ?”

“ನನ್ನ ಹೆಂಡ್ತಿ.”

ಅವಳ ಕೈ ನಿಂತಿತು. ಎದ್ದು ತಾನು ಕೂತಿದ್ದ ಸ್ಟೂಲನ್ನು ಅವನ ಕಡೆ ತಳ್ಳಿ, ಬಾಟಲಿಯ ನೀರು ಕೊಟ್ಟಳು. ಅವನು ಕೂತ. ನೀರು ಕುಡಿದ. ಅಳು ಬರಬಹುದು ಎಂದು ಕಾದ, ಬರಲಿಲ್ಲ. ಸಿಟ್ಟು ಬರಬಹುದು ಎಂದುಕೊಂಡ, ಅದೂ ಬರಲಿಲ್ಲ. ಎದುರಿಗೆ ಬಟ್ಟೆ ಕಳಚಿದ ಕೊಡೆಯೊಂದು ಬರೀ ಕಡ್ಡಿಗಳಲ್ಲಿ ಬಿಚ್ಚಿಕೊಂಡು ನಿಂತಿತ್ತು. ಅದರಲ್ಲಿ ಯಾವ ಕಡ್ಡಿ ಬಾಗಿದೆ ಎಂದು ನೋಡಿದ. ಎರಡು ಬಾಗಿದ್ದವು. ಅವಳೂ ಸಮಾಧಾನದ ಮಾತು ಆಡಲಿಲ್ಲ. ಆಡಿದ್ದರೆ ಅವನು ಎದ್ದುಬಿಡುತ್ತಿದ್ದನೇನೋ. ಬಿಡುವು ಮುಗಿಯುವ ಹೊತ್ತಿಗೆ ಬಾಟಲಿ ವಾಪಸು ಕೊಟ್ಟು ಬಂದ.

ಮಧ್ಯಾಹ್ನ ಮತ್ತೆ ಸುತ್ತುಗಳು ಶುರುವಾದವು. ಅವನು ಪ್ರತಿ ಗುರುತಿನ ಮೇಲೂ ಚಕ್ರವನ್ನು ಸರಿಯಾಗಿ ಹಾಯಿಸಿದ. ಕೊನೆಯ ಸುತ್ತು ಮುಗಿದು ಗಾಡಿ ನಿಲ್ಲಿಸಿದ ಮೇಲೆ ಮೇಡಂ ಕಡೆ ತಿರುಗಿ, “ಈ ಹಸಿರು ಚುಕ್ಕೆ ಆಂಬುಲೆನ್ಸುಗಳಿಗೂ ಬರುತ್ತಾ?” ಎಂದು ಕೇಳಿದ.

“ಬರಬೇಕು. ಎಲ್ಲ ದೇಶದವರೂ ತಮ್ಮ ತಮ್ಮ ಗಡಿಯಾರದ ಲೆಕ್ಕ ಹಂಚಿಕೊಳ್ಳೋಕೆ ಒಪ್ಪಬೇಕು. ಆಮೇಲೆ ಫೋನುಗಳಲ್ಲಿ, ಗಾಡಿಗಳಲ್ಲಿ ಯಂತ್ರ ಬದಲಾಯಿಸಬೇಕು. ಸಮಯ ಹಿಡಿಯುತ್ತೆ. ಯಾಕೆ?”

ಅವನು ಹೇಳಿದ. ಎರಡು ಮೂರು ವಾಕ್ಯಗಳಲ್ಲಿ, ಟೈರಿನ ಗಾಳಿ ಕಡಿಮೆಯಿದೆ ಎಂದು ವರದಿ ಮಾಡುವವನಂತೆ. ಮೇಡಂ ಕೈ ಚಾಚಿ ಪರದೆ ಆರಿಸಿದರು. ಟೋಪಿ ಸಾಹೇಬರು ಏನಾಯಿತೆಂದು ಕೇಳಿದಾಗ ಅವರಿಗೆ ದಾಟಿಸಲು ಮೇಡಂಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿರಿಯರು ಗಾಡಿಯ ನೆಲವನ್ನೇ ನೋಡುತ್ತ ಮೆಲ್ಲಗೆ ಏನೋ ಹೇಳಿದರು.

“ನಿಮಗೆ ಕಷ್ಟ ಆಗೋದಾದ್ರೆ ಬೇರೆ ಬೀದಿ ನೋಡೋಣ ಅಂತಿದ್ದಾರೆ.”

“ಕಷ್ಟ ಏನಿಲ್ಲ. ಇದೇ ಸರಿ ಇದೆ” ಎಂದ ನಿಧಾನಪ್ಪ. “ನಾಳೆ ಯಾವಾಗ ಬರ್ಲಿ?”

ಮರುದಿನದಿಂದ ಟೋಪಿ ಸಾಹೇಬರು ಹಿಂದೆ ಕೂರದೆ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತರು. ಇಬ್ಬರಿಗೂ ಬರುವ ಭಾಷೆ ಯಾವುದೂ ಇರಲಿಲ್ಲವಾದ್ದರಿಂದ ಮಾತಾಡುವ ಗೊಡವೆಯೂ ಇರಲಿಲ್ಲ. ಮಧ್ಯೆ ಒಮ್ಮೆ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ನಡುವೆ ಇಟ್ಟರು. ಅವನು ಒಂದು ತೆಗೆದುಕೊಂಡ.

ಆ ಸಂಜೆಯ ವಿಷಯಕ್ಕೆ ಬರೋಣ, ಗಲ್ಲಿಗೆ ಹೋಗಿ ಬಂದ ದಿನದ ಸಂಜೆ. ಅವನು ಮನೆಗೆ ಬಂದಾಗ ಅತ್ತೆ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು. “ಏನ್ ಅಳೀತಿದ್ದೀರಾ ಬೆಳಗ್ಗಿಂದ ನಮ್ಮ ಬೀದೀನ? ಅಳೆದ್ರೆ ಅಗಲ ಆಗುತ್ತಾ?” ಎಂದರು. ಅವನು ಚಪ್ಪಲಿ ಬಿಟ್ಟು ಬಂದು ಅವರ ಎದುರಿಗೆ ನೆಲದ ಮೇಲೇ ಕೂತ. ಹಾಗೆ ಕೂತು ಎಷ್ಟೋ ದಿನವಾಗಿತ್ತು. ಅತ್ತೆ ಕೈ ನಿಲ್ಲಿಸಿದರು.

“ಅತ್ತೆ, ನೀವು ಅವತ್ತು ಅಡ್ರೆಸ್ ಸರಿಯಾಗೇ ಹೇಳಿದ್ರಿ.”

ಅವನು ಉಳಿದದ್ದನ್ನು ಹೇಳಿದ. ಫೋನು ತಾನಾಗಿಯೇ ತಪ್ಪು ಜಾಗ ಕಳಿಸಿತ್ತು, ಆಂಬುಲೆನ್ಸಿನವರು ಹಿಂದಿನ ಗಲ್ಲಿಗೆ ಹೋಗಿ ನಿಂತಿದ್ದರು, ಅಲ್ಲಿದ್ದ ಹೆಂಗಸು ಅಡ್ರೆಸ್ಸನ್ನು ಕಿವಿಯಾರೆ ಕೇಳಿದ್ದಳು. “ಮೂರನೇ ಮಹಡಿ, ನೀಲಿ ಬಾಗ್ಲು ಅಂತ ಎಲ್ಲ ಹೇಳಿದ್ರಿ ನೀವು.”

“ನೀಲಿ ಬಾಗ್ಲು ಅಂತಾನೂ ಹೇಳಿದ್ನಾ?”

“ಹೇಳಿದ್ರಿ.”

ಅತ್ತೆ ಮಡಚಿದ್ದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಚಿದರು. “ನಾನು ದಿನಾ ಬಚ್ಚಲಲ್ಲಿ ನಿಂತು ಹೇಳಿ ನೋಡ್ತಿದ್ದೆ” ಎಂದರು. “ಅವತ್ತು ಹೇಗೆ ಹೇಳಿರ್ಬಹುದು ಅಂತ. ಒಂದ್ಸಲ ಸರಿ ಬರ್ತಿತ್ತು, ಒಂದ್ಸಲ ಬೀದಿ ಹೆಸರೇ ಬಿಟ್ಟುಹೋಗ್ತಿತ್ತು. ಬಿಟ್ಟುಹೋದಾಗೆಲ್ಲ, ಅವತ್ತೂ ಹೀಗೇ ಆಗಿರ್ಬೇಕು ಅಂತ…”

ಬಚ್ಚಲಿನ ಬಾಗಿಲ ಹಿಂದಿನ ಆ ಗುನುಗು ಅವನ ಕಿವಿಗೆ ಎಷ್ಟೋ ಸಲ ಬಿದ್ದಿತ್ತು. ದೇವರ ನಾಮ ಎಂದುಕೊಂಡಿದ್ದ.

“ನಾನು ಕೇಳಬಾರದಿತ್ತು” ಎಂದ.

“ಕೇಳ್ದೆ ಇದ್ದಿದ್ರೂ ನಾನು ಹೇಳಿ ನೋಡ್ತಿದ್ದೆ” ಎಂದರು ಅತ್ತೆ. ಬಟ್ಟೆಗಳನ್ನು ಎತ್ತಿ ಕಪಾಟಿನೊಳಗಿಟ್ಟು, ಅಲ್ಲೇ ಬಾಗಿಲಿಗೆ ಹಣೆ ಆನಿಸಿ ನಿಂತರು. ಅಳುತ್ತಿದ್ದರೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಎದ್ದು ಹೋಗಿ ಏನಾದರೂ ಮಾಡಬೇಕು ಅನ್ನಿಸಿತು, ಏನು ಎಂದು ಹೊಳೆಯಲಿಲ್ಲ. ಚಹಾಕ್ಕೆ ನೀರಿಟ್ಟ.

ರಜೆಯ ದಿನ ಅತ್ತೆ ಆ ಗಲ್ಲಿ ನೋಡಬೇಕು ಎಂದರು. ಮಗಳು ಹೋದ ಮೇಲೆ ಅವರು ಮೆಟ್ಟಿಲಿಳಿದದ್ದೇ ಅಪರೂಪ. ಮಹಡಿಗೊಂದು ಸಲ ನಿಂತು, ಮುಖ್ಯರಸ್ತೆಯಲ್ಲಿ ಎರಡು ಕಡೆ ಕೂತು, ಕಡೆಗೂ ತಲುಪಿದರು. ಕೊಡೆ ರಿಪೇರಿಯವಳು ಇರಲಿಲ್ಲ, ತಗಡಿನ ಮಾಡು ಮುಚ್ಚಿತ್ತು. ಅತ್ತೆ ಗೋಡೆಯ ಹತ್ತಿರ ಹೋಗಿ ತಲೆಯೆತ್ತಿ ನೋಡಿದರು. ಅವರ ಅಡುಗೆಮನೆಯ ಕಿಟಕಿ ಅಲ್ಲಿಂದ ಕಾಣುತ್ತಿತ್ತು. ಕಿಟಕಿಯಲ್ಲಿ ಅವರೇ ಬೆಳಿಗ್ಗೆ ಬೋರಲು ಹಾಕಿದ್ದ ಪಾತ್ರೆಯೂ ಕಾಣುತ್ತಿತ್ತು.

“ಇಷ್ಟೇನಾ” ಎಂದರು. ಗೋಡೆಯ ಮೇಲಿನ ಗಾಜಿನ ಚೂರುಗಳನ್ನು ನೋಡಿ, “ಆ ಹುಡುಗ ಈ ಗೋಡೆ ಹತ್ತೋಕೆ ಹೋದ ಅಂದ್ರಾ?”

“ಹೂಂ.”

“ಕೈಗೇನಾದ್ರೂ ಗಾಯ ಆಯ್ತಾ ಅವನಿಗೆ?”

“ಕೇಳ್ಲಿಲ್ಲ ಅತ್ತೆ.”

“ಕೇಳ್ಬೇಕಿತ್ತು” ಎಂದರು.

ಅವನು ಕೇಳಿಕೊಂಡು ಬಂದ. ಆಮೇಲೊಂದು ದಿನ ಕೆಲಸ ಮುಗಿಸಿ ಗಲ್ಲಿಗೆ ಹೋದ. ಹುಡುಗನ ಅಂಗೈ ಸ್ವಲ್ಪ ಕುಯ್ದುಹೋಗಿತ್ತು, ತನ್ನ ಬಳಿಯಿದ್ದ ಕೊಡೆಯ ಬಟ್ಟೆಯನ್ನೇ ಹರಿದು ಕಟ್ಟಿದ್ದೆ ಎಂದಳು ಆ ಹೆಂಗಸು. ಅತ್ತೆಗೆ ಹೇಳಿದ. ಅವರು ತಲೆಯಾಡಿಸಿದರು. ಆ ಆಂಬುಲೆನ್ಸಿನವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸೋಣವೇ ಎಂದು ಅವನು ಯೋಚಿಸಿದ್ದುಂಟು. ಏನು ಮಾತಾಡುವುದು ಎಂದು ತೋಚದೆ ಬಿಟ್ಟ.

ಪ್ರಯೋಗ ಮುಗಿಯಿತು. ದೇಶಗಳ ಸಭೆ ಕಚೇರಿಯ ದೊಡ್ಡ ಕೋಣೆಯಲ್ಲೇ ನಡೆಯಿತು. ಟೋಪಿ ಸಾಹೇಬರು ಗೋಡೆಯ ಮೇಲೆ ಆ ಬೀದಿಯ ನಕ್ಷೆ ತೋರಿಸಿ, ಕೆಂಪು ಚುಕ್ಕೆ, ಹಸಿರು ಚುಕ್ಕೆ ತೋರಿಸಿ, ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ ಎಂದು ಆಂಬುಲೆನ್ಸಿನ ವಿಷಯವನ್ನೂ ಹೇಳಿದರಂತೆ. ನಿಧಾನಪ್ಪ ಒಳಗಿರಲಿಲ್ಲ. ಬಂದವರ ಗಾಡಿಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸುವ ಕೆಲಸ ಅವನದಾಗಿತ್ತು. ಕೆಲವು ದೇಶಗಳವರು ಸಹಿ ಹಾಕಿದರು. ಕೆಲವರು ತಮ್ಮ ಸರ್ಕಾರವನ್ನು ಕೇಳಬೇಕೆಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂದು ಗುಮಾಸ್ತರು ಎಂದಿನಂತೆ ಅಂದುಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. ಒಪ್ಪಿದವರಷ್ಟೇ ಸೇರಿ ಶುರುಮಾಡಿದರು. ಮರುವರ್ಷ ಫೋನುಗಳು ಹಸಿರು ಚುಕ್ಕೆಯ ಲೆಕ್ಕವನ್ನೇ ಕಳಿಸತೊಡಗಿದವು, ಈ ನಗರದ ಆಂಬುಲೆನ್ಸುಗಳಿಗೂ ಹೊಸ ಯಂತ್ರಗಳು ಬಂದವು, ಮೊದಲು ಕೆಲವಕ್ಕೆ, ಆಮೇಲೆ ಉಳಿದವಕ್ಕೆ. ಮೇಡಂ ಅದನ್ನು ಅವನಿಗೆ ಹೇಳಲೆಂದೇ ಅಂಗಳದವರೆಗೆ ಬಂದರು. “ಒಳ್ಳೇದಾಯ್ತು ಮೇಡಂ” ಎಂದ. ಒಳ್ಳೆಯದಾಗಿದೆ ಎಂದು ಅವನಿಗೆ ಗೊತ್ತಿತ್ತು. ಅನ್ನಿಸುವುದು ಬೇರೆ, ಅದು ಇನ್ನೂ ದೂರವಿತ್ತು.

ಮನೆಯಲ್ಲಿ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ಬಚ್ಚಲಿನ ಗುನುಗು ನಿಂತಿತು. ಊಟಕ್ಕೆ ಇಬ್ಬರೂ ಒಟ್ಟಿಗೆ ಕೂರತೊಡಗಿದರು, ಯಾರು ಶುರುಮಾಡಿದರೆಂದು ಇಬ್ಬರಿಗೂ ನೆನಪಿಲ್ಲ. ಗಲ್ಲಿ ನೋಡಲು ಹೋದ ದಿನ ಅತ್ತೆಯ ಚಪ್ಪಲಿ ಕಿತ್ತುಬಂದಿತ್ತು. ಅದಕ್ಕೆ ಪಿನ್ನು ಚುಚ್ಚಿಕೊಂಡು ತಿರುಗುತ್ತಿದ್ದರು. ಕಡೆಗೊಮ್ಮೆ ಅವನು ಅವರನ್ನು ಚಪ್ಪಲಿ ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯವನು ತಂದಿಟ್ಟ ಜೋಡಿಯಲ್ಲಿ ಅತ್ತೆ ಕಾಲಿಟ್ಟು ಕನ್ನಡಿಯಲ್ಲಿ ನೋಡಿಕೊಂಡರು. ವಯಸ್ಸಿಗೆ ಪಾದ ಊದಿಕೊಂಡಿತ್ತು. “ಬಿಗಿಯಾಗುತ್ತಾ ಇದು?” ಎಂದು ಕೇಳಿದರು. ಅಂಗಡಿಯವನನ್ನಲ್ಲ, ಅಳಿಯನನ್ನು. ನಿಧಾನಪ್ಪ ಬಗ್ಗಿ, ಹೆಬ್ಬೆರಳಿನಿಂದ ಪಟ್ಟಿಯ ಕೆಳಗೆ ಒತ್ತಿ ನೋಡಿದ. ಚರ್ಮ ಬೆಚ್ಚಗಿತ್ತು, ಪಟ್ಟಿಯ ಅಂಚು ಅದರೊಳಗೆ ಇಳಿದಿತ್ತು.

“ಬಿಗಿ ಇದೆ” ಎಂದ. “ಇನ್ನೊಂದು ಸೈಜು ದೊಡ್ಡದು ಕೊಡಪ್ಪ.”

ಅಂಗಡಿಯವನು ಒಳಗೆ ಹೋದ. ಅವನು ಬರುವವರೆಗೂ ನಿಧಾನಪ್ಪ ಹಾಗೇ ಕುಕ್ಕರುಗಾಲಿನಲ್ಲಿ ಕೂತು, ಅತ್ತೆಯ ಪಾದದ ಮೇಲೆ ಮೂಡಿದ್ದ ಪಟ್ಟಿಯ ಗುರುತನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ.